ಗೋಡೆ ಹತ್ತುವವನ ಮನೆಯಲ್ಲಿ ಯಾರಿದ್ದಾರೆ?

ಓದುಗರ ಪ್ರಶ್ನೆ, ಕಾಮಿಕ್ಸ್ ಕಾಕಾನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸೂಪರ್‌ಹೀರೋಗಳ ಬಗ್ಗೆಯೇ ಇವೆ. ಓದಿ ತುಂಬಾ ಖುಷಿಯಾಯಿತು. ಹೊಸ ಓದುಗರಿಗೆ ನನ್ನ ಪರಿಚಯ ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ. ನಾನು ಬೆಟಗೇರಿಯವನು. ಗದಗಿಗೆ ಮುದ್ರಣ ಕಾಶಿ ಅಂತ ಹೆಸರಿದೆಯಲ್ಲ, ಆ ಕಾಶಿಯ ಪ್ರೆಸ್ಸುಗಳಲ್ಲೇ 32 ವರ್ಷ ಮಷಿನ್ ಓಡಿಸಿದೆ. ಮೊದಲು ಟ್ರೆಡಲ್, ಆಮೇಲೆ ಆಫ್‌ಸೆಟ್. ಕ್ಯಾಲೆಂಡರು, ಲಗ್ನಪತ್ರಿಕೆ, ನೋಟ್‌ಬುಕ್ಕಿನ ರಟ್ಟು, ಎಲ್ಲವನ್ನೂ ಅಚ್ಚು ಹಾಕಿದ್ದೇನೆ. ಕಾಮಿಕ್ಸ್ ಅಚ್ಚು ಹಾಕುವ ಯೋಗ ಮಾತ್ರ ಬರಲಿಲ್ಲ. ಆದರೆ ಓದುವುದನ್ನು ಒಂದು ವಾರವೂ ಬಿಟ್ಟವನಲ್ಲ.

ಪಿಯುಸಿ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

*ಕಾಕಾ, ‘ಅಬ್ಸಲ್ಯೂಟ್ ಬ್ಯಾಟ್‌ಮನ್’ ಮೊದಲ ಆರು ಸಂಚಿಕೆ ಓದಿದೆ. ಬಹಳ ಹಿಡಿಸಿತು. ನನ್ನ ಗೆಳೆಯ ಮಾತ್ರ ‘ರೊಕ್ಕ ಇಲ್ಲದ ಬ್ಯಾಟ್‌ಮನ್ ಬ್ಯಾಟ್‌ಮನ್ನೇ ಅಲ್ಲ’ ಅಂತಾನೆ. ನೀವೇನು ಹೇಳ್ತೀರಿ?*

ತಮ್ಮಾ, ನಿನ್ನ ಗೆಳೆಯನ ಮಾತನ್ನು ತಳ್ಳಿಹಾಕಬೇಡ. ಬಾಬ್ ಕೇನ್ ಮತ್ತು ಬಿಲ್ ಫಿಂಗರ್ 1939ರಲ್ಲಿ ಬ್ಯಾಟ್‌ಮನ್‌ನನ್ನು ಸೃಷ್ಟಿಸಿದ ದಿನದಿಂದಲೂ ಅವನು ಸಿರಿವಂತನೇ. ಬಂಗಲೆ, ಕಾರು, ಕೆಳಗೆ ಗುಹೆ, ಪಕ್ಕದಲ್ಲಿ ಮನೆ ಆಳು ಆಲ್ಫ್ರೆಡ್. ಅದನ್ನೇ ನೋಡುತ್ತ ಬೆಳೆದವನಿಗೆ ಇದು ಬೇರೆ ಯಾರೋ ಅನ್ನಿಸುವುದು ಸಹಜ.

2024ರ ಅಕ್ಟೋಬರಿನಲ್ಲಿ ಸ್ಕಾಟ್ ಸ್ನೈಡರ್ ಬರೆದು ನಿಕ್ ಡ್ರಗಾಟ ಚಿತ್ರ ಬಿಡಿಸಿದ ಈ ಸರಣಿ ಶುರುವಾದಾಗ ನನಗೂ ಅನುಮಾನ ಇತ್ತು. ಬಂಗಲೆ ಇಲ್ಲ. ರೊಕ್ಕ ಇಲ್ಲ. ಆಲ್ಫ್ರೆಡ್ ಇದ್ದಾನೆ, ಆದರೆ ಮನೆ ಆಳಲ್ಲ, ಇವನ ಮೇಲೆ ಕಣ್ಣಿಡಲು ಬಂದ ಗೂಢಚಾರ. ಬ್ರೂಸ್‌ಗೆ, ಅಂದರೆ ವೇಷ ಕಳಚಿದ ಬ್ಯಾಟ್‌ಮನ್‌ಗೆ, 24 ವರ್ಷ, ಇಂಜಿನಿಯರ್ ಕೆಲಸ. ತಂದೆ ಶಾಲೆ ಮಾಸ್ತರ. ಮಕ್ಕಳನ್ನು ಕರೆದುಕೊಂಡು ಪ್ರಾಣಿ ಸಂಗ್ರಹಾಲಯಕ್ಕೆ ಹೋದಾಗ ಗುಂಡಿನ ದಾಳಿಯಾಗಿ ಸತ್ತ. ತಾಯಿ ಬದುಕಿದ್ದಾಳೆ.

ಆ ಕೊನೆಯ ಎರಡು ಶಬ್ದ ಇನ್ನೊಮ್ಮೆ ಓದು. ತಾಯಿ ಬದುಕಿದ್ದಾಳೆ. ನನ್ನ ಪ್ರಕಾರ ಇಡೀ ಸರಣಿ ನಿಂತಿರುವುದು ಅದರ ಮೇಲೆಯೇ. ಹಳೆಯ ಬ್ಯಾಟ್‌ಮನ್ ಬೆಳಗಿನ ಜಾವ ಮೈತುಂಬ ಗಾಯ ಮಾಡಿಕೊಂಡು ಬಂದರೂ ‘ಎಲ್ಲಿ ಹೋಗಿದ್ದೆ’ ಅಂತ ಗದರಿಸುವ ರಕ್ತಸಂಬಂಧ ಇರಲಿಲ್ಲ. ಇವನಿಗೆ ಇದೆ.

ನನ್ನ ಮನೆಯ ಮಾತು ಹೇಳುತ್ತೇನೆ. ಕ್ಯಾಲೆಂಡರ್ ಸೀಸನ್ ಅಂದರೆ ದಸರಾದಿಂದ ಡಿಸೆಂಬರ್ ಕೊನೆವರೆಗೆ ನಮಗೆ ರಾತ್ರಿ ಪಾಳಿ. ರಾತ್ರಿ ಎರಡೂವರೆಗೆ ಮನೆಗೆ ಬಂದರೆ ಅವ್ವ ಬಾಗಿಲ ಹತ್ತಿರವೇ ಕೂತಿರುತ್ತಿದ್ದಳು. ರೊಟ್ಟಿ ಬುಟ್ಟಿ ಮುಚ್ಚಿ ಇಟ್ಟಿರುತ್ತಿದ್ದಳು. ಊಟಕ್ಕೆ ಕರೆಯುವ ಮೊದಲು ನನ್ನ ಎರಡೂ ಕೈ ಹಿಡಿದು ದೀಪದ ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ಸೀಮೆಎಣ್ಣೆಯಲ್ಲಿ ತೊಳೆದರೂ ಉಗುರಿನ ಸಂದಿಯಲ್ಲಿ ಕರಿ ಇಂಕು ಉಳಿದಿರುತ್ತಿತ್ತು. ಅವಳು ಇಂಕು ನೋಡುತ್ತಿರಲಿಲ್ಲ, ಬೆರಳು ಎಣಿಸುತ್ತಿದ್ದಳು. ನಮ್ಮ ಓಣಿಯ ಒಬ್ಬನ ಬೆರಳು ರೋಲರಿಗೆ ಸಿಕ್ಕು ಹೋಗಿತ್ತು, ಅದಕ್ಕೆ. ಹತ್ತು ಎಣಿಸಿದ ಮೇಲೆಯೇ ‘ಉಣ್ಣು ಬಾ’ ಅನ್ನುತ್ತಿದ್ದಳು. ಈ ಬ್ರೂಸ್ ತಾಯಿಯ ಎದುರು ನಿಂತಾಗಲೆಲ್ಲ ನನಗೆ ಆ ದೀಪವೇ ಕಾಣುತ್ತದೆ.

ಇನ್ನು ಚಿತ್ರ. ಡ್ರಗಾಟ ಬಿಡಿಸಿದ ಬ್ಯಾಟ್‌ಮನ್ ಬಾಗಿಲಲ್ಲಿ ಹಿಡಿಸುವುದಿಲ್ಲ, ಅಷ್ಟು ಅಗಲ. ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ದೊಡ್ಡಾಟದ ಪಾತ್ರಧಾರಿ. ಭುಜಕೀರ್ತಿ, ಎದೆಕಟ್ಟು, ಕಿರೀಟ ಕಟ್ಟಿಕೊಂಡು ರಂಗದ ಮೇಲೆ ಬಂದರೆ ನಮ್ಮ ಪಕ್ಕದ ಮನೆಯ ಸಣಕಲ ಮನುಷ್ಯನೂ ಎರಡರಷ್ಟು ಕಾಣುತ್ತಾನಲ್ಲ, ಹಾಗೆ. ಆದರೆ ಇವನ ವೇಷದಲ್ಲಿ ಸುಮ್ನೆ ಶೋಕಿಗೆ ಅಂತ ಏನೂ ಇಲ್ಲ. ಎದೆಯ ಮೇಲಿನ ಬಾವಲಿ ಗುರುತು ಕಳಚಿ ಬರುತ್ತದೆ, ಅದೇ ಕೊಡಲಿಯ ಅಲಗು. ಕಿವಿಗಳೂ ಚೂರಿಗಳೇ. ರೊಕ್ಕ ಇಲ್ಲದವನ ಮನೆಯಲ್ಲಿ ಒಂದು ಸಾಮಾನು ಮೂರು ಕೆಲಸಕ್ಕೆ ಬರುತ್ತದೆ. ಈ ಸಂಗತಿ ಗೊತ್ತಿದ್ದವರೇ ಈ ವೇಷ ಕಟ್ಟಿದ್ದಾರೆ.

ಇನ್ನೂ ಒಂದು ಮಾತು ಗೆಳೆಯನಿಗೆ ಹೇಳು. ಬೇರೆ ಕಥೆಗಳಲ್ಲಿ ಬ್ಯಾಟ್‌ಮನ್‌ನ ವೈರಿಗಳಾಗುವ ವೇಲನ್, ಆಸ್ವಾಲ್ಡ್, ಹಾರ್ವಿ, ಎಡ್ವರ್ಡ್, ಸೆಲಿನಾ ಇಲ್ಲಿ ಅವನ ಬಾಲ್ಯದ ಗೆಳೆಯರು. ಜೊತೆಗೆ ಕೂತು ಇಸ್ಪೀಟು ಆಡಿದವರು. ಸಿರಿವಂತ ಯಾರು ಅಂದರೆ ಬ್ಯಾಟ್‌ಮನ್‌ನ ದೊಡ್ಡ ವೈರಿ ಜೋಕರ್. ಅಂದರೆ ರೊಕ್ಕ ಎಲ್ಲೂ ಹೋಗಿಲ್ಲ, ಈ ಕಡೆಯಿಂದ ಆ ಕಡೆಗೆ ದಾಟಿದೆ. ಬ್ಯಾಟ್‌ಮನ್‌ನ ಹಟ ಮಾತ್ರ ಇದ್ದಲ್ಲೇ ಇದೆ. ಅದು ಇರುವವರೆಗೆ ಅವನು ಬ್ಯಾಟ್‌ಮನ್ನೇ.

ನನಗೆ ಹಿಡಿಸದ್ದು ರಕ್ತ. ತೀರಾ ಜಾಸ್ತಿ. ನಿನ್ನ ತಮ್ಮ ತಂಗಿಯರ ಕೈಗೆ ಇದನ್ನು ಕೊಡಬೇಡ.

ಬ್ಯಾಂಕ್ ಉದ್ಯೋಗಿ, ಹಾವೇರಿ

*ನನಗೀಗ 38. ಇಬ್ಬರು ಮಕ್ಕಳು. ಸ್ಪೈಡರ್‌ಮ್ಯಾನ್ ಅಂದರೆ ಕಾಲೇಜು ಹುಡುಗರ ಕಥೆ ಅಂತ ಬಿಟ್ಟುಬಿಟ್ಟಿದ್ದೆ. ನನ್ನ ವಯಸ್ಸಿನವರು ಓದುವಂಥದ್ದು ಏನಾದರೂ ಇದೆಯೇ ಸರ್?*

ಇದೆ, ನಿಮಗಾಗಿಯೇ ಬರೆದ ಹಾಗಿದೆ. ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’. ಬರೆದವರು ಜೊನಾಥನ್ ಹಿಕ್‌ಮನ್, ಮುಖ್ಯ ಚಿತ್ರಕಾರ ಮಾರ್ಕೊ ಕೆಕೆಟ್ಟೊ. 2024ರ ಜನವರಿಯಲ್ಲಿ ಶುರುವಾಯಿತು.

ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ 1962ರಲ್ಲಿ ಹೇಳಿದ ಕಥೆ ನಿಮಗೆ ಗೊತ್ತು. ಹದಿನೈದರ ಹುಡುಗ ಪೀಟರ್, ಜೇಡ ಕಚ್ಚುತ್ತದೆ, ಸಾಕಿದ ಬೆನ್ ಕಾಕಾ ಸಾಯುತ್ತಾನೆ. ಇಲ್ಲಿ ಪೀಟರ್‌ಗೆ ಜೇಡ ಕಚ್ಚುವುದೇ ಮೂವತ್ತೈದರ ಹೊತ್ತಿಗೆ. ಅಷ್ಟರಲ್ಲಿ ಮೇರಿ ಜೇನ್ ಜೊತೆ ಮದುವೆಯಾಗಿ ಒಬ್ಬ ಮಗ, ಒಬ್ಬಳು ಮಗಳು. ಬೆನ್ ಕಾಕಾ ಬದುಕಿದ್ದಾನೆ, ಮೇ ಕಾಕು ತೀರಿಕೊಂಡಿದ್ದಾಳೆ. ಈ ಪೀಟರ್‌ಗೆ ಶಕ್ತಿ ಬಂದದ್ದಕ್ಕಿಂತ, ಅದನ್ನು ಹೆಂಡತಿಗೆ ಹೇಗೆ ಹೇಳುವುದು ಅನ್ನುವ ಚಿಂತೆಯೇ ದೊಡ್ಡದು. ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ನಾಲ್ಕನೇ ಸಂಚಿಕೆಯನ್ನು ಸಾವಕಾಶ ಓದಿ. ಹೊಡೆದಾಟವನ್ನು ಹುಡುಕಬೇಡಿ. ಎರಡು ಜೋಡಿ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದಾರೆ. ಪೀಟರ್, ಮೇರಿ ಜೇನ್, ಎದುರಿಗೆ ಹ್ಯಾರಿ ಆಸ್ಬಾರ್ನ್ ಮತ್ತು ಅವನ ಹೆಂಡತಿ ಗ್ವೆನ್. ಗಂಡಸರಿಬ್ಬರಿಗೂ ಪರಸ್ಪರರ ಗುಟ್ಟು ಗೊತ್ತು. ಮೇಜಿನ ಮೇಲೆ ತಟ್ಟೆ, ಲೋಟ, ಮಾತು, ನಡುವೆ ಒಂದೊಂದು ನೋಟ. ಅಷ್ಟರಲ್ಲೇ ಸಂಚಿಕೆ ನಡೆಯುತ್ತದೆ. ನಾನು ಓದಿ ಮುಗಿಸಿದ ಮೇಲೆ ಮತ್ತೆ ಮೊದಲ ಪುಟಕ್ಕೆ ಹೋಗಿ, ಮಾತು ಬಿಟ್ಟು ಬರೀ ಮುಖಗಳನ್ನು ನೋಡುತ್ತ ಬಂದೆ. ಡೇವಿಡ್ ಮೆಸಿನಾ ಬಿಡಿಸಿದ ಸಂಚಿಕೆ ಅದು. ಮನೆಯವಳು ‘ಎಷ್ಟ ಸರ್ತಿ ನೋಡ್ತೀರಿ ಅದನ್ನ’ ಅಂದಳು. ಪುಸ್ತಕ ಅವಳ ಕೈಗೆ ಕೊಟ್ಟು ಮೇರಿ ಜೇನ್ ಮುಖ ತೋರಿಸಿದೆ. ಇಂಗ್ಲಿಷ್ ಅಕ್ಷರ ಓದದೆಯೇ ‘ಈಕಿಗೆ ಏನೋ ಸಂಶಯ ಬಂದೈತಿ’ ಅಂದಳು. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೇ?

ಇನ್ನೊಂದು ಕಾರಣಕ್ಕೂ ನನಗೆ ಈ ಸರಣಿ ಇಷ್ಟ. ಬೆನ್ ಕಾಕಾ ಮತ್ತು ಜೇಮ್ಸನ್, ಇಬ್ಬರು ವಯಸ್ಸಾದ ಪತ್ರಕರ್ತರು, ಇದ್ದ ಕೆಲಸ ಬಿಟ್ಟು ತಮ್ಮದೇ ಪತ್ರಿಕೆ ಕಟ್ಟುತ್ತಾರೆ. ಅವರು ಕೂತು ಮಾತಾಡುವ ಪುಟಗಳು ಬಂದಾಗ ನನಗೆ ಸ್ಪೈಡರ್‌ಮ್ಯಾನ್ ಮರೆತೇ ಹೋಗುತ್ತಿತ್ತು.

ಈ ಸರಣಿಯಲ್ಲಿ ಒಂದು ತಿಂಗಳ ಸಂಚಿಕೆಗೂ ಮುಂದಿನದಕ್ಕೂ ನಡುವೆ ಅವರ ಲೋಕದಲ್ಲೂ ಒಂದು ತಿಂಗಳು ಕಳೆದಿರುತ್ತದೆ. ಮಕ್ಕಳು ನಮ್ಮ ಜೊತೆಗೇ ಬೆಳೆಯುತ್ತಾರೆ. ನಡುವೆ ಕೆಲವು ಸಂಚಿಕೆ ಎಳೆದ ಹಾಗಿವೆ, ಖಳನಾಯಕರ ಗುಂಪಿನ ಕಥೆ ನನಗೆ ಸಪ್ಪೆ ಅನ್ನಿಸಿತು. ಆದರೆ 24 ಸಂಚಿಕೆಗೆ ಮುಗಿಸುತ್ತೇವೆ ಅಂತ ಇದನ್ನು ತರುವ ಮಾರ್ವೆಲ್ ಕಂಪನಿ 2025ರಲ್ಲೇ ಹೇಳಿತು. ಆ ನಿರ್ಧಾರ ನನಗೆ ಸರಿ ಅನ್ನಿಸಿತು.

ಜನ ಯಾಕೆ ಇದಕ್ಕೆ ಮುಗಿಬಿದ್ದರು ಅಂದರೆ ಹಿಂದೆ ಒಂದು ನೋವಿದೆ. ಮೂಲ ಸರಣಿಯಲ್ಲಿ ಪೀಟರ್ ಮತ್ತು ಮೇರಿ ಜೇನ್ ಮದುವೆ 1987ರಲ್ಲೇ ಆಗಿತ್ತು. 2007ರಲ್ಲಿ ಒಂದು ಪಿಶಾಚಿಯ ಜೊತೆ ಒಪ್ಪಂದ ಮಾಡಿಸಿ ಆ ಮದುವೆ ಆಗೇ ಇಲ್ಲ ಅಂತ ಮಾಡಿಬಿಟ್ಟರು. ಇಪ್ಪತ್ತು ವರ್ಷದ ಸಂಸಾರ, ಒಂದೇ ಕಥೆಯಲ್ಲಿ ಅಳಿಸಿ ಹೋಯಿತು. ಅವತ್ತಿನಿಂದ ನನ್ನಂಥವರು ಆ ಮನೆಗಾಗಿ ಕಾಯುತ್ತಿದ್ದೆವು.

ಒಬ್ಬ ತಾಯಿ, ರಾಣೆಬೆನ್ನೂರು

*ಅಣ್ಣಾ, ಮಗಳಿಗೆ 11 ವರ್ಷ. ಅವಳ ಅಣ್ಣನ ಪುಸ್ತಕಗಳಲ್ಲಿ ಎಲ್ಲಾ ಗಂಡಸರೇ. ಅವಳಿಗೆ ಯಾವುದು ಕೊಡಲಿ?*

ತಂಗಿ, ಮೊದಲು ‘ಟಿಂಕಲ್’ ಮಕ್ಕಳ ಪತ್ರಿಕೆಯ ವಿಂಗ್‌ಸ್ಟಾರ್ ಕೊಡು. ಮಿಜೋರಾಮಿನ ಐಜಾಲ್ ಊರಿನ ಮಾಪುಯಿ ಅನ್ನುವ ಹುಡುಗಿ. 2015ರಲ್ಲಿ ಬಂದಳು. ಅವಳು ಹಾರಬಲ್ಲಳು, ಆದರೆ ಮನಸ್ಸೆಲ್ಲ ಗೆಳತಿಯರ ಜೊತೆ ಹಾಯಾಗಿ ಇರುವುದರ ಮೇಲೆ. ನಿನ್ನ ಮಗಳ ವಯಸ್ಸಿಗೆ ಸರಿಹೊಂದುತ್ತಾಳೆ.

ಎರಡು ವರ್ಷ ಬಿಟ್ಟು ‘ಮಿಸ್ ಮಾರ್ವೆಲ್’ ಕೊಡು. ಜಿ. ವಿಲೋ ವಿಲ್ಸನ್ ಬರೆದು ಏಡ್ರಿಯನ್ ಆಲ್ಫೋನಾ ಚಿತ್ರ ಬಿಡಿಸಿದ 2014ರ ಸರಣಿಯಿಂದಲೇ ಶುರು ಮಾಡಿಸು. ಕಮಲಾ ಖಾನ್ ಅಮೆರಿಕದ ಜೆರ್ಸಿ ಸಿಟಿಯಲ್ಲಿ ಬೆಳೆದ ಪಾಕಿಸ್ತಾನಿ ಮನೆತನದ ಹುಡುಗಿ. ಅಪ್ಪ ಅಮ್ಮನ ಕಟ್ಟುನಿಟ್ಟು, ರಾತ್ರಿ ಹೊರಗೆ ಹೋಗಬೇಡ ಅನ್ನುವ ಜಗಳ, ಎಲ್ಲ ನಮ್ಮ ಮನೆಗಳ ಹಾಗೇ.

‘ಅಬ್ಸಲ್ಯೂಟ್ ವಂಡರ್ ವುಮನ್’ ಮಾತ್ರ ಈಗ ಬೇಡ. ಅದರಲ್ಲಿ ಹೆದರಿಕೆ ಹುಟ್ಟಿಸುವ ಪುಟಗಳಿವೆ. ಆದರೆ ನೀನು ಓದು. ಕೆಲಿ ಥಾಂಪ್ಸನ್ ಬರೆದದ್ದು, ಹೇಡನ್ ಶೆರ್ಮನ್ ಚಿತ್ರ. 2025ರಲ್ಲಿ ಅತ್ಯುತ್ತಮ ಹೊಸ ಸರಣಿ ಅಂತ ಐಸ್ನರ್ ಅನ್ನುವ ಕಾಮಿಕ್ಸ್ ಪ್ರಶಸ್ತಿ ಬಂತು. ಇಲ್ಲಿ ಡಯಾನಾ, ಅಂದರೆ ವಂಡರ್ ವುಮನ್, ಬೆಳೆಯುವುದು ತನ್ನ ದ್ವೀಪದಲ್ಲಲ್ಲ, ನರಕದಲ್ಲಿ. ಕೂಸನ್ನು ತಂದು ಸರ್ಸಿ ಅನ್ನುವ ಮಾಟಗಾತಿಯ ಕೈಗೆ ಕೊಡುತ್ತಾರೆ. ಬೇಡ ಬೇಡ ಅನ್ನುತ್ತಲೇ ಅವಳು ತಾಯಿಯಾಗುತ್ತಾಳೆ. ಹೆತ್ತವಳಿಗಿಂತ ಯಶೋದೆಯನ್ನೇ ಜಾಸ್ತಿ ಹಾಡಿದ ನಾಡು ನಮ್ಮದು. ಸರ್ಸಿಯನ್ನು ಓದುವಾಗ ಕಣ್ಣು ಒದ್ದೆಯಾಗದಿದ್ದರೆ ನನಗೆ ಪತ್ರ ಬರೆ.

ಡಿಟಿಪಿ ಆಪರೇಟರ್, ಗದಗ

*ಕಾಕಾ, ಹಳೆಯ ಹೀರೋಗಳೆಲ್ಲ ಕೆಂಪು, ನೀಲಿ, ಹಳದಿ ಯಾಕೆ? ಈಗಿನ ಕಾಮಿಕ್ಸಿನ ಬಣ್ಣ ನಿಮಗೆ ಹಿಡಿಸುತ್ತದೆಯೇ?*

ನಮ್ಮ ಕೆಲಸದವನೇ ಕೇಳಿದ ಮೇಲೆ ಪೂರ್ತಿ ಹೇಳಬೇಕು.

ಅವತ್ತಿನ ಕಾಮಿಕ್ಸ್ ಅಚ್ಚಾಗುತ್ತಿದ್ದದ್ದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ಆ ಕಾಗದ ಇಂಕು ಕುಡಿಯುತ್ತದೆ. ನಾಜೂಕಿನ ಬಣ್ಣ ಹಾಕಿದರೆ ಎಲ್ಲ ಕಲಸಿ ಕೆಸರಾಗುತ್ತದೆ. ನಮಗಿರುವುದು ನಾಲ್ಕೇ ಇಂಕು: ಸಯಾನ್, ಮಜೆಂಟಾ, ಹಳದಿ, ಕಪ್ಪು. ಹಳದಿ ಹಾಗೇ ಸಿಗುತ್ತದೆ. ಮಜೆಂಟಾ ಮೇಲೆ ಹಳದಿ ಬಿದ್ದರೆ ಕೆಂಪು. ಸಯಾನ್ ಜೊತೆ ಮಜೆಂಟಾ ಸೇರಿದರೆ ನೀಲಿ. ಮಷಿನ್‌ಮನ್ ಕಣ್ಣು ಮುಚ್ಚಿ ಓಡಿಸಿದರೂ ಈ ಬಣ್ಣಗಳು ಎದ್ದು ಕಾಣುತ್ತವೆ. 1938ರಲ್ಲಿ ಬಂದ ಸೂಪರ್‌ಮ್ಯಾನ್ ಆ ಬಣ್ಣಗಳನ್ನೇ ತೊಟ್ಟಿದ್ದಾನೆ.

ಈಗ ಹಲ್ಕ್ ಕಥೆ ಕೇಳು. 1962ರ ಮೊದಲ ಸಂಚಿಕೆಯಲ್ಲಿ ಹಲ್ಕ್ ಹಸಿರಲ್ಲ, ಬೂದು ಬಣ್ಣ. ಅಚ್ಚಾಗಿ ಬಂದಾಗ ಒಂದು ಪುಟದಲ್ಲಿ ತಿಳಿ, ಇನ್ನೊಂದರಲ್ಲಿ ಗಾಢ, ಕೆಲವು ಕಡೆ ಹಸಿರು ಛಾಯೆ. ಪ್ರೆಸ್ಸಿನವರಿಗೆ ಬೂದು ಬಣ್ಣವನ್ನು ಒಂದೇ ಹದದಲ್ಲಿ ಹಿಡಿಯಲು ಆಗಲಿಲ್ಲ. ಎರಡನೇ ಸಂಚಿಕೆಯಿಂದ ಹಸಿರು ಮಾಡಿಬಿಟ್ಟರು. ಜಗತ್ತು ಇವತ್ತು ಗುರುತಿಸುವ ಆ ಹಸಿರು ದೈತ್ಯನನ್ನು ಅರ್ಧ ಹುಟ್ಟಿಸಿದ್ದು ನಮ್ಮಂಥ ಒಬ್ಬ ಮಷಿನ್‌ಮನ್.

ನಾನು ಇದನ್ನು ಓದಿದ ದಿನ ಎದ್ದು ಕೂತೆ. ಯಾಕೆಂದರೆ ನನಗೂ ಹಾಗೇ ಆಗಿತ್ತು. ಒಂದು ಕ್ಯಾಲೆಂಡರಿನ ಜುಲೈ ಪುಟಕ್ಕೆ ಮಳೆಮೋಡದ ಚಿತ್ರ ಇತ್ತು. ಮೊದಲ ಇನ್ನೂರು ಹಾಳೆ ಸರಿಯಾಗಿ ಬಂತು. ಆಮೇಲೆ ಒಂದು ಹಾಳೆ ಎತ್ತಿ ನೋಡಿದರೆ ಮೋಡ ಪಾಚಿ ಹಿಡಿದ ಹಾಗೆ ಹಸಿರು. ಭೂತಗನ್ನಡಿ ಇಟ್ಟು ನೋಡಿದೆ. ಸಯಾನ್ ಚುಕ್ಕೆ ದುಂಡಗೆ ಇದೆ, ಹಳದಿ ಇದೆ, ಮಜೆಂಟಾ ಚುಕ್ಕೆ ಮಾತ್ರ ತೆಳುವಾಗಿದೆ. ಮಜೆಂಟಾ ಒಂದು ಎಳೆ ಕಡಿಮೆಯಾದರೆ ಬೂದು ಹಸಿರಾಗುತ್ತದೆ, ನಿನಗೂ ಗೊತ್ತಿರುವ ಮಾತೇ. ಆ ಘಟಕದ ಇಂಕು ಸರಿಮಾಡಿ ಮತ್ತೆ ಓಡಿಸಿದೆ. ಕೆಟ್ಟ ಹಾಳೆಗಳಲ್ಲಿ ಒಂದು ಇನ್ನೂ ನನ್ನ ಟ್ರಂಕಿನಲ್ಲಿದೆ.

ಈಗಿನ ಬಣ್ಣಕ್ಕೆ ಬರೋಣ. ಕಾಗದ ನುಣುಪು, ಬಣ್ಣ ಹಾಕುವುದು ಕಂಪ್ಯೂಟರಿನಲ್ಲಿ, ಯಾವ ಛಾಯೆ ಬೇಕಾದರೂ ಸಿಗುತ್ತದೆ. ಅದೇ ತೊಂದರೆಯೂ ಆಗಿದೆ. ಎಷ್ಟೋ ಸರಣಿಗಳಲ್ಲಿ ಪ್ರತಿ ಮುಖಕ್ಕೂ ಹೊಳಪು, ಪ್ರತಿ ಗೋಡೆಗೂ ಮಿಂಚು, ಕಣ್ಣು ಎಲ್ಲಿ ನಿಲ್ಲಬೇಕು ಗೊತ್ತಾಗುವುದಿಲ್ಲ. ಕೈ ಹಿಡಿತದಲ್ಲಿ ಇಟ್ಟುಕೊಂಡವರು ಕೆಲವರು. ಅಬ್ಸಲ್ಯೂಟ್ ಬ್ಯಾಟ್‌ಮನ್‌ಗೆ ಬಣ್ಣ ಹಾಕುವ ಫ್ರಾಂಕ್ ಮಾರ್ಟಿನ್, ಅಬ್ಸಲ್ಯೂಟ್ ವಂಡರ್ ವುಮನ್‌ನ ಜಾರ್ಡಿ ಬೆಲೇರ್. ಎಲ್ಲರಿಗಿಂತ ಮೇಲೆ ‘ಅಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್’ನ ಹಾವಿಯೆರ್ ರೊಡ್ರಿಗೆಸ್. ಡೆನಿಸ್ ಕ್ಯಾಂಪ್ ಬರೆದ ಈ ಸರಣಿ 2025ರಲ್ಲಿ ಶುರುವಾಯಿತು. ಚಿತ್ರವೂ ಬಣ್ಣವೂ ರೊಡ್ರಿಗೆಸ್ ಅವರದೇ. ಇದರಲ್ಲಿ ಜಾನ್ ಜೋನ್ಸ್ ಅನ್ನುವ ಪತ್ತೇದಾರನಿಗೆ ಬೇರೆಯವರ ಮನಸ್ಸಿನ ಮಾತು ಬಣ್ಣದ ಹೊಗೆಯಾಗಿ ಕಾಣುತ್ತದೆ. ಊರೆಲ್ಲರ ಮನಸ್ಸು ಕಾಣುವ ಈ ಮನುಷ್ಯನಿಗೆ ತನ್ನ ಹೆಂಡತಿ ಮತ್ತು ಮಗನ ಜೊತೆ ಮಾತಾಡಲು ಬರುವುದಿಲ್ಲ. ಈಚೆಗೆ ಬಂದವುಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ. ನೀನು ಬಣ್ಣ ಬಲ್ಲವನು, ತಪ್ಪದೆ ನೋಡು.

ಕಾಲೇಜು ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ

*ಬ್ಯಾಟ್‌ಮನ್ ಮತ್ತು ಡೆಡ್‌ಪೂಲ್ ಸೇರಿದ ಸಂಚಿಕೆಗಳ ಬಗ್ಗೆ ಏನು ಹೇಳುತ್ತೀರಿ?*

ಜಾತ್ರೆಯ ಕುಸ್ತಿ. ನೋಡುವಾಗ ಸಂತೋಷ, ಮರುದಿನ ಕಣ ಖಾಲಿ. ಡೆಡ್‌ಪೂಲ್ ಮಾರ್ವೆಲ್ ಕಂಪನಿಯವನು, ಬ್ಯಾಟ್‌ಮನ್ ಡಿಸಿಯವನು. ಆ ಎರಡು ಕಂಪನಿಗಳು ಕೂಡಿ 1976ರಲ್ಲಿ ಸೂಪರ್‌ಮ್ಯಾನ್ ಎದುರು ಸ್ಪೈಡರ್‌ಮ್ಯಾನ್‌ನನ್ನು ನಿಲ್ಲಿಸಿದಾಗಿನಿಂದ ಈ ಪದ್ಧತಿ ಇದೆ. 2025ರಲ್ಲಿ ಎರಡೂ ಕಂಪನಿ ಒಂದೊಂದು ಸಂಚಿಕೆ ತಂದವು. ಗ್ರಾಂಟ್ ಮಾರಿಸನ್ ಬರೆದು ಡ್ಯಾನ್ ಮೋರಾ ಬಿಡಿಸಿದ್ದು ಚಿತ್ರಕ್ಕಾಗಿ ನೋಡಬಹುದು.

ನಿವೃತ್ತ ಶಿಕ್ಷಕರು, ಧಾರವಾಡ

*ಭೀಮ, ಹನುಮಂತ ಇರುವ ನಾಡಿನಲ್ಲಿ ಈ ಪರದೇಶದ ವೇಷಧಾರಿಗಳು ಯಾಕೆ? ಕುಮಾರವ್ಯಾಸನ ಊರಿನವರಾಗಿ ನೀವೇ ಹೀಗೆ ಮಾಡಬಹುದೇ?*

ಗುರುಗಳೇ, ನಮಸ್ಕಾರ. ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ವೀರನಾರಾಯಣ ಗುಡಿಯ ಕಂಬಕ್ಕೆ ಒರಗಿ ಕೂತು ಯೋಚನೆಯನ್ನೂ ಮಾಡಿದೆ. ನನಗೆ ಹೊಳೆದದ್ದು ಕೀಚಕನ ಕಥೆ.

ಅಜ್ಞಾತವಾಸದಲ್ಲಿ ಭೀಮ ಯಾರು? ವಿರಾಟನ ಅಡುಗೆಮನೆಯ ಬಾಣಸಿಗ, ವಲಲ. ಹಗಲೆಲ್ಲ ಒಲೆ ಮುಂದೆ ಬೆವರು ಸುರಿಸುತ್ತಾನೆ. ಮೈಯಲ್ಲಿ ಆನೆಯ ಬಲ ಇದ್ದರೂ ತೋರಿಸುವ ಹಾಗಿಲ್ಲ, ತೋರಿಸಿದರೆ ಇಡೀ ಮನೆಗೆ ಮತ್ತೆ ವನವಾಸ. ಸೈರಂಧ್ರಿಯಾಗಿರುವ ದ್ರೌಪದಿ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ರಾತ್ರಿ ಕತ್ತಲಲ್ಲಿ ಅವನ ಹತ್ತಿರ ಬಂದು ಎಬ್ಬಿಸುತ್ತಾಳೆ. ಮುಂದಿನ ರಾತ್ರಿ ನಾಟ್ಯಶಾಲೆಯಲ್ಲಿ ಕೀಚಕ ಸಾಯುತ್ತಾನೆ. ಬೆಳಗಾದರೆ ಊರಿನವರೆಲ್ಲ ‘ಗಂಧರ್ವರು ಕೊಂದರು’ ಅನ್ನುತ್ತಾರೆ. ಬಾಣಸಿಗ ಎಂದಿನ ಹಾಗೆ ಒಲೆ ಹಚ್ಚುತ್ತಾನೆ.

ಬೇರೆ ಹೆಸರು, ಹಗಲಿನ ಕೆಲಸ, ರಾತ್ರಿಯ ವೇಷ, ಗುಟ್ಟು ಗೊತ್ತಿರುವ ಒಬ್ಬಳೇ ಹೆಣ್ಣುಮಗಳು. ನಾನು ಆ ಪುಸ್ತಕಗಳಲ್ಲಿ ಹುಡುಕುವುದು ಇದನ್ನೇ ಗುರುಗಳೇ. ಭೀಮನನ್ನು ಬಿಟ್ಟು ಅಲ್ಲಿಗೆ ಹೋದವನಲ್ಲ ನಾನು, ಭೀಮನನ್ನು ಕಂಡಿದ್ದರಿಂದಲೇ ಅವರ ಗುರುತು ಸಿಕ್ಕಿತು.

ಪರದೇಶದವರು ಕನ್ನಡಕ್ಕೆ ಬಂದದ್ದೂ ಹೊಸದೇನಲ್ಲ. ಮುಂಬೈಯಿಂದ 1964ರಲ್ಲಿ ಶುರುವಾಗಿ 1990ರವರೆಗೆ ಬಂದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. ಲೀ ಫಾಕ್ ಅವರ ಫ್ಯಾಂಟಮ್‌ನನ್ನು ಡೆಂಕಾಲಿ ಕಾಡಿನ ಸಮೇತ ನಾನು ಅದರಲ್ಲೇ ಓದಿದ್ದು. ಫ್ಯಾಂಟಮ್ 1977ರಲ್ಲಿ ತನ್ನ ಗೆಳತಿ ಡಯಾನಾ ಪಾಮರ್‌ಳನ್ನು ಮದುವೆಯಾದ, ಅವಳಿ ಮಕ್ಕಳೂ ಆದವು. ಅಮರ ಚಿತ್ರ ಕಥೆಯ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಆ ಹೆಸರಿನ ಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲೇ ಬಂದವು, ಅವು ಪಶ್ಚಿಮದ ಕಿನ್ನರಕಥೆಗಳು. ಹಾಗಾಗಿ ನನ್ನ ದುಃಖ ಪರದೇಶದವರು ಬಂದರು ಅನ್ನುವುದಲ್ಲ. ಈಗ ಅವರು ಕನ್ನಡ ಮಾತಾಡುವುದಿಲ್ಲ ಅನ್ನುವುದು. ಆ ಹುಬ್ಬಳ್ಳಿ ಹುಡುಗ ಬ್ರೂಸ್‌ನ ತಾಯಿಯ ಮಾತನ್ನು ಇಂಗ್ಲಿಷಿನಲ್ಲಿ ಓದಬೇಕಾಗಿದೆ. ಅದು ‘ಉಣ್ಣು ಬಾ’ ಅಂತ ಇದ್ದಿದ್ದರೆ ಹೇಗಿರುತ್ತಿತ್ತು ಅಂತ ನೀವೂ ಯೋಚಿಸಿ.

ಅಂಗಡಿ ಮಾಲೀಕರು, ಹಾನಗಲ್

*ಓದಬೇಕು ಅಂತ ಆಸೆ ಇದೆ. ಆದರೆ ಎಲ್ಲಿಂದ ಶುರು ಮಾಡುವುದು? ಒಂದೇ ಹೆಸರಿನಲ್ಲಿ ನಾಲ್ಕಾರು ‘ಸಂಚಿಕೆ 1’ ಇವೆ.*

ನಿಮ್ಮ ಸಿಟ್ಟು ನ್ಯಾಯವಾದದ್ದು. ಬ್ಯಾಟ್‌ಮನ್ ಸರಣಿಯನ್ನೇ ನೋಡಿ. 2016ರಲ್ಲಿ ಒಂದರಿಂದ ಎಣಿಸಿದರು, 2025ರ ಸೆಪ್ಟೆಂಬರಿನಲ್ಲಿ ಮ್ಯಾಟ್ ಫ್ರಾಕ್ಷನ್ ಮತ್ತು ಹೊರ್ಹೆ ಹಿಮೆನೆಸ್ ಬಂದಾಗ ಮತ್ತೆ ಒಂದು. ಒಂದು ಅಂತ ಕಂಡರೆ ಜನ ಕೊಳ್ಳುತ್ತಾರೆ, ಅಷ್ಟೇ ಕಾರಣ. ಅದೇ ಸಂಚಿಕೆಗೆ ಹತ್ತಾರು ಬೇರೆ ಬೇರೆ ಮುಖಪುಟ ಹಾಕುವುದೂ ಇದಕ್ಕೇ. ಒಳಗಿನ ಕಥೆ ಒಂದೇ. ಓದುಗನ ಪ್ರೀತಿಯನ್ನು ಹೀಗೆ ಹಿಂಡುವುದು ತಪ್ಪು.

ನೀವು ಬಿಡಿ ಸಂಚಿಕೆಯ ಗೊಡವೆಗೇ ಹೋಗಬೇಡಿ. ಒಂದು ಸಂಚಿಕೆಗೆ ಸುಮಾರು ಐದು ಡಾಲರ್, ಇಪ್ಪತ್ತು ಚಿಲ್ಲರೆ ಪುಟ ಕಥೆ. ಐದಾರು ಸಂಚಿಕೆ ಸೇರಿಸಿ ಕಟ್ಟಿದ ಸಂಪುಟ ಕೊಳ್ಳಿ, ಜೇಬಿಗೆ ಹಗುರ. ಅಬ್ಸಲ್ಯೂಟ್ ಬ್ಯಾಟ್‌ಮನ್ ಮೊದಲ ಸಂಪುಟದಲ್ಲಿ ಒಂದರಿಂದ ಆರು ಇವೆ. ತರಿಸುವಾಗ ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸಿ ಅಂತ ಹೇಳಿ. ನನಗೆ ಒಮ್ಮೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಬಂತು, ನಾಲ್ಕೂ ಮೂಲೆ ಮುದುಡಿತ್ತು. ಎರಡು ವಾರ ಹಳೆಯ ಲೆಕ್ಕದ ಪುಸ್ತಕಗಳ ಕೆಳಗೆ ಒತ್ತಿಟ್ಟರೂ ಸರಿಯಾಗಲಿಲ್ಲ. ಪುಸ್ತಕದ ಮೂಲೆ ಮುರಿದರೆ ನನಗೆ ಊಟ ಸೇರುವುದಿಲ್ಲ.

ಆರನೇ ತರಗತಿ, ಮುಂಡರಗಿ

*ಕಾಕಾ, ನಾನೊಂದು ಸೂಪರ್‌ಹೀರೋ ಮಾಡಿದ್ದೇನೆ. ಅವನು ಕಪ್ಪತಗುಡ್ಡದ ಮೇಲಿನ ಗಾಳಿ ಫ್ಯಾನಿನಿಂದ ಶಕ್ತಿ ತಗೊಳ್ತಾನೆ. ಚಿತ್ರ ಕಳಿಸಿದ್ದೇನೆ. ಇದನ್ನು ಪುಸ್ತಕ ಮಾಡುವುದು ಹೇಗೆ?*

ತಮ್ಮಾ, ನಿನ್ನ ಚಿತ್ರ ನನ್ನ ಮೇಜಿನ ಮುಂದೆ ಗೋಡೆಗೆ ಅಂಟಿಸಿದ್ದೇನೆ. ಫ್ಯಾನಿನ ರೆಕ್ಕೆಯೇ ಅವನ ಬೆನ್ನಿನ ರೆಕ್ಕೆ ಆಗಿರುವುದು ಬಹಳ ಚೆನ್ನಾಗಿದೆ. ಗಾಳಿ ನಿಂತ ದಿನ ಅವನೇನು ಮಾಡುತ್ತಾನೆ? ಕಥೆ ಅಲ್ಲಿಂದ ಶುರು ಮಾಡು. ಅವನ ಮನೆಯಲ್ಲಿ ಯಾರಿದ್ದಾರೆ ಅಂತಲೂ ಬರೆ. ನೀನು ಕಳಿಸಿದ ಆರು ಪುಟದಲ್ಲಿ ಅವನು ಒಮ್ಮೆಯೂ ಮನೆಗೆ ಹೋಗಿಲ್ಲ.

ಈಗ ಕೆಲಸದ ಮಾತು. ಪುಟಗಳ ಲೆಕ್ಕ ಯಾವಾಗಲೂ ನಾಲ್ಕರ ಮಗ್ಗಿಯಲ್ಲಿರಬೇಕು. 16 ಪುಟ ಇಟ್ಟುಕೋ. ನಾಲ್ಕು ಎ4 ಹಾಳೆಯನ್ನು ಒಂದರ ಮೇಲೊಂದು ಇಟ್ಟು ನಡುವೆ ಮಡಚು. ಚಿತ್ರ ಬಿಡಿಸುವ ಮೊದಲೇ ಪ್ರತಿ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ 1ರಿಂದ 16ರವರೆಗೆ ಅಂಕಿ ಹಾಕು. ಆಮೇಲೆ ಬಿಚ್ಚಿ ನೋಡು. ಹೊರಗಿನ ಹಾಳೆಯ ಒಂದು ಬದಿಗೆ 16 ಮತ್ತು 1 ಅಕ್ಕಪಕ್ಕ ಇರುತ್ತವೆ, ಹಿಂಬದಿಗೆ 2 ಮತ್ತು 15. ನಾವು ಪ್ರೆಸ್ಸಿನಲ್ಲಿ ಮಾಡುವುದೂ ಇದನ್ನೇ. ಮಡಿಕೆಯ ಹತ್ತಿರ ಒಂದು ಬೆರಳಷ್ಟು ಜಾಗ ಖಾಲಿ ಬಿಡು, ಇಲ್ಲದಿದ್ದರೆ ಮಾತು ಒಳಗೆ ಸಿಕ್ಕಿಕೊಳ್ಳುತ್ತದೆ. ಚಿತ್ರಕ್ಕಿಂತ ಮೊದಲು ಮಾತು ಬರೆ, ಅದರ ಸುತ್ತ ಗುಳ್ಳೆ ಎಳೆ. ಮೊದಲು ಗುಳ್ಳೆ ಎಳೆದರೆ ಅಕ್ಷರ ಹಿಡಿಸುವುದಿಲ್ಲ, ಕನ್ನಡದ ಒತ್ತಕ್ಷರ ಕೆಳಗೆ ಜಾಗ ಕೇಳುತ್ತದೆ.

ಬಣ್ಣ ಬೇಡ. ಕಪ್ಪು ಪೆನ್ನಿನಲ್ಲೇ ಬಿಡಿಸು. ಝೆರಾಕ್ಸ್ ಎರಡೂ ಬದಿಗೆ ತೆಗೆಸು, ಮಡಿಕೆಯ ಮೇಲೆ ಎರಡು ಪಿನ್ ಹೊಡೆಸು. ಅಪ್ಪನಿಗೆ ಕೇಳಿ ಹತ್ತು ಪ್ರತಿ ಮಾಡಿಸು, ಅದರಲ್ಲೊಂದು ನನಗೆ ಕಳಿಸು. ಹಿಂಬದಿ ಪುಟದಲ್ಲಿ ಬೆಲೆ ಹಾಕುವುದು ಮರೆಯಬೇಡ, ನಾನು ರೊಕ್ಕ ಕೊಟ್ಟೇ ಕೊಳ್ಳುತ್ತೇನೆ.